ಕಾಫಿ ಮಲೆಗೆ ಬಂದವರು: ವಲಸೆ, ಆಟದ ಅಂಗಳ ಮತ್ತು ನಾಡಿನವರೆನಿಸುವ ಹಕ್ಕು

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಮಲೆಗಳ ಚರಿತ್ರೆಯೆಂದರೆ ಸಾಮಾನ್ಯವಾಗಿ ಬೆಳೆಯ ಚರಿತ್ರೆಯೇ ಆಗಿದೆ. ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ತಂದರೆಂದು ಪ್ರತೀತಿಯಿರುವ ಏಳು ಬೀಜಗಳಿಂದ ಮೊದಲುಗೊಂಡು, ಯುರೋಪಿಯನ್ ತೋಟಗಾರರ ಆಗಮನ, ಎಲೆ ತುಕ್ಕು ರೋಗದ ಹಾವಳಿ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರ, ಕಾಫಿ ಮಂಡಳಿಯ ಕಾಲ ಎಂಬ ಕ್ರಮದಲ್ಲಿ ಆ ಕಥನ ಸಾಗುತ್ತದೆ. ಈ ಬೆಳೆಯನ್ನು ನೆಟ್ಟು, ಮರಗಸಿ ಮಾಡಿ, ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿದ ಜನ ಎಲ್ಲಿಂದ ಬಂದರು, ಯಾವಾಗ ಈ ನೆಲದವರೆನಿಸಿಕೊಂಡರು, ಆ ಮನ್ನಣೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಇನ್ನೊಂದು ಚರಿತ್ರೆ ಚದುರಿದ ದಾಖಲೆಗಳಲ್ಲಿ ಉಳಿದಿದೆ. ಇದೇ ಪ್ರಶ್ನೆಯನ್ನು ಇಂದಿನ ಜಗತ್ತು ಹೆಚ್ಚಾಗಿ ಆಟದ ಅಂಗಳದಲ್ಲಿ ಕೇಳುತ್ತಿದೆ: ಬೇರೊಂದು ದೇಶದಲ್ಲಿ ಹುಟ್ಟಿದ ಓಟಗಾರ ಬ್ರಿಟನ್ನಿನ ಪರವಾಗಿ ಓಡಿ ಗೆದ್ದಾಗ ಅವನು ನಿಜಕ್ಕೂ ಬ್ರಿಟಿಷನೇ ಎಂಬ ಚರ್ಚೆ ಏಳುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ಕಾನೂನು, ಬಂಡವಾಳ ಮತ್ತು ಆಟಗಳು ಒಟ್ಟಿಗೆ ಬಂದು ತಂಗಿದ ಈ ಸಹ್ಯಾದ್ರಿಯ ತೋಟಗಳು ಆ ಚರ್ಚೆಗೆ ಹೇಳಬೇಕಾದದ್ದು ಬಹಳಷ್ಟಿದೆ.

ಕಳಸ ಸೀಮೆಯ ಹಳೆಯ ಚರಿತ್ರೆಯಲ್ಲಿ ಘಟ್ಟದ ಮೇಲಿನವರು ಮತ್ತು ಕೆಳಗಿನವರು ಎಂಬ ಭೇದಕ್ಕೆ ರಾಜಕೀಯ ಆಧಾರವಿರಲಿಲ್ಲ. ಭೈರರಸ ಒಡೆಯರೆಂದು ಹೆಸರಾದ ಜೈನ ಅರಸರು ಕಳಸ ಮತ್ತು ಕಾರ್ಕಳಗಳನ್ನು ಒಂದೇ ರಾಜ್ಯವಾಗಿ ಆಳಿದರು; 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಅದೇ ಮನೆತನದವನು. ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ, ಕರಾವಳಿಯ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಘಟ್ಟದ ಮೇಲಿನ ಭಾಗ ಮೈಸೂರಿನ ಒಡೆಯರಿಗೆ ಉಳಿದಾಗ, ಚಾರ್ಮಾಡಿ ಘಾಟಿಯ ನೆತ್ತಿಯೇ ಎರಡು ಆಳ್ವಿಕೆಗಳ ನಡುವಣ ಗಡಿಯಾಯಿತು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿಯೂ ಕಡೂರು ಜಿಲ್ಲೆ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆ, ಮೈಸೂರು ಸಂಸ್ಥಾನದಲ್ಲಿಯೂ ಇದ್ದ ಈ ವ್ಯವಸ್ಥೆ ಸಂಸ್ಥಾನದ ಕಾಲ ಮುಗಿಯುವವರೆಗೆ ನಡೆಯಿತು. ಎರಡೂ ಜಿಲ್ಲೆಗಳು ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಬೆಳ್ತಂಗಡಿಯಿಂದ ಮೂಡಿಗೆರೆಗೆ ಕೂಲಿಗೆ ಬಂದವನು ಪರಸ್ಥಳದವನೆನಿಸಿಕೊಂಡದ್ದಕ್ಕೆ ಈ ಆಡಳಿತದ ಗೆರೆಯೇ ಮುಖ್ಯ ಕಾರಣ.

ಕಾಫಿ ಬರುವ ಮೊದಲೇ ಈ ಕಾಡುಗಳಲ್ಲಿ ಬಾಳಿದ್ದವರು ಮಲೆಕುಡಿಯರು, ಹಸಲರು ಮೊದಲಾದ ಸಮುದಾಯಗಳು. ಜೇನು, ಸೀಗೆ, ಏಲಕ್ಕಿ, ಬಿದಿರು ಸಂಗ್ರಹಿಸುತ್ತ, ಮಲೆನಾಡಿನ ಗದ್ದೆ ತೋಟಗಳಲ್ಲಿ ದುಡಿಯುತ್ತ ಬಂದ ಇವರಲ್ಲಿ ಬಹುಪಾಲು ಜನರಿಗೆ ತಾವು ನಿಂತ ನೆಲದ ಮೇಲೆ ಬರೆದ ಹಕ್ಕು ಇರಲಿಲ್ಲ. ಮೀಸಲು ಅರಣ್ಯದ ಕಾನೂನು ಬಂದಾಗ ಅವರು ತಮ್ಮ ಕಾಡಿನಲ್ಲಿಯೇ ಒತ್ತುವರಿದಾರರಾದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾದ ಮೇಲೆ ಒಕ್ಕಲೆಬ್ಬಿಸುವ ಭಯ ಅವರ ಬೆನ್ನು ಹತ್ತಿತು. 2006ರ ಅರಣ್ಯ ಹಕ್ಕು ಕಾಯ್ದೆಯ ನಂತರವೂ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ನಿಂತ ಕುಟುಂಬಗಳಿವೆ. ತಲೆತಲಾಂತರದಿಂದ ಒಂದೆಡೆ ಬಾಳಿದವರಿಗೂ ಹುಟ್ಟು ತಾನಾಗಿಯೇ ರಕ್ಷಣೆ ಕೊಡುವುದಿಲ್ಲವೆಂಬುದಕ್ಕೆ ಈ ಮಲೆಯ ಮೊದಲ ನಿವಾಸಿಗಳೇ ಸಾಕ್ಷಿ.

ಯುರೋಪಿಯನ್ನರ ತೋಟಗಳು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಬಾಬಾಬುಡನ್‌ಗಿರಿಯ ದಕ್ಷಿಣದ ಇಳಿಜಾರಿನಲ್ಲಿ ಕ್ಯಾನನ್ ಎಂಬ ಆಂಗ್ಲನ ತೋಟದೊಂದಿಗೆ ಆರಂಭವಾದವು. 1831ರಿಂದ 1881ರವರೆಗೆ ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ನೇರ ಆಡಳಿತದಲ್ಲಿದ್ದುದು ಈ ವಿಸ್ತರಣೆಗೆ ಅನುಕೂಲವಾಯಿತು. ತೋಟ ಬೆಳೆದಂತೆ ಕೈಯಾಳುಗಳ ಕೊರತೆ ತಲೆದೋರಿತು. ಮಲೆನಾಡಿನ ಜನಸಂಖ್ಯೆ ವಿರಳವಾಗಿತ್ತು, ಮಲೇರಿಯಾ ಜ್ವರದ ಹೆದರಿಕೆ ಬಯಲುಸೀಮೆಯವರನ್ನು ದೂರವಿಟ್ಟಿತ್ತು. ಆದುದರಿಂದ ತೋಟದ ದೊರೆಗಳು ಘಟ್ಟದ ಕೆಳಗಿನ ತುಳು ಸೀಮೆಯನ್ನೂ, ಮುಂದೆ ತಮಿಳು ಜಿಲ್ಲೆಗಳನ್ನೂ ಆಶ್ರಯಿಸಿದರು.

ಆಳುಗಳನ್ನು ಕರೆತರುವ ಈ ಕ್ರಮದ ಕೇಂದ್ರದಲ್ಲಿದ್ದವನು ಮೇಸ್ತ್ರಿ. ತೋಟದ ಮಾಲೀಕನಿಂದ ಹಣ ಪಡೆದ ಮೇಸ್ತ್ರಿಯು ಕರಾವಳಿಯ ಹಳ್ಳಿಗಳಿಗೆ ಇಳಿದು, ಮಳೆಗಾಲದ ಕೊನೆಯಲ್ಲಿ ಏಣೆಲು ಬೆಳೆಯ, ಅಂದರೆ ಮುಂಗಾರಿನ ಭತ್ತದ, ಕೊಯ್ಲು ಮುಗಿಯುವ ಹೊತ್ತಿಗೆ ಕುಟುಂಬಗಳಿಗೆ ಮುಂಗಡ ಹಂಚಿ, ಅವರನ್ನು ಗುಂಪಾಗಿ ಘಾಟಿ ಹತ್ತಿಸಿ ತರುತ್ತಿದ್ದನು. ಕಾಫಿಯ ಹಣ್ಣು ಕೆಂಪಾಗುವ ಕಾಲವೂ ಕರಾವಳಿಯ ಗದ್ದೆಕೆಲಸ ಬಿಡುವಾಗುವ ಕಾಲವೂ ಒಂದೇ ಆಗಿದ್ದುದರಿಂದ ಈ ವಲಸೆ ಸುಗಮವಾಗಿ ನಡೆಯಿತು. ಮುಂದಿನ ಮಳೆಗಾಲಕ್ಕೆ ಮುನ್ನ ಅವರು ಊರಿಗೆ ಮರಳುತ್ತಿದ್ದರು. ಮುಂಗಡವು ದುಡಿಮೆಯಿಂದ ತೀರದೆ ಹೋದರೆ ಅದೇ ಸಾಲವಾಗಿ ಮರುವರ್ಷಕ್ಕೆ ಮುಂದುವರಿಯುತ್ತಿತ್ತು. ಮುಂಗಡ ಪಡೆದು ಕೆಲಸಕ್ಕೆ ಬಾರದವನ ಮೇಲೆ 1859ರ 13ನೆಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದಾಗಿತ್ತು. ಹಣ ಹಿಂದಿರುಗಿಸಲು ಅಥವಾ ಕೆಲಸ ಮಾಡಿ ಮುಗಿಸಲು ಆಜ್ಞೆಯಾಗುತ್ತಿತ್ತು, ಆಜ್ಞೆ ಮೀರಿದರೆ ಸೆರೆವಾಸವಿತ್ತು. ಸಿವಿಲ್ ಸ್ವರೂಪದ ಸಾಲವನ್ನು ಅಪರಾಧವಾಗಿ ಮಾರ್ಪಡಿಸಿದ ಈ ಕಾನೂನು ರದ್ದಾದದ್ದು 1920ರ ದಶಕದ ನಡುವಿನಲ್ಲಿ, ಅಂದರೆ ಆರು ದಶಕಗಳಿಗೂ ಮಿಗಿಲಾದ ಕಾಲದ ನಂತರ.

ಇದೇ ತೋಟಗಳ ಒಳಗೆ, ಬ್ರಿಟಿಷರೆಂದರೆ ಯಾರು ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಗಮನಾರ್ಹವಾದುದು. 1881ರಲ್ಲಿ ಮೈಸೂರು ಮತ್ತೆ ಮಹಾರಾಜರ ಕೈಗೆ ಬಂದ ನಂತರ ಮೂಡಿಗೆರೆಯ ಸ್ಥಳೀಯ ಬೆಳೆಗಾರನು ಮೈಸೂರಿನ ಪ್ರಜೆಯಾದನು; ಬ್ರಿಟಿಷ್ ಕಾನೂನಿನ ಕಣ್ಣಿಗೆ ಅವನು ರಕ್ಷಿತ ವ್ಯಕ್ತಿ ಮಾತ್ರ. ಅವನ ನೆರೆಯ ತೋಟದ ದೊರೆಯು ಯುರೋಪಿಯನ್ ಬ್ರಿಟಿಷ್ ಪ್ರಜೆ. ಅವನ ಮೇಲಿನ ಕ್ರಿಮಿನಲ್ ಮೊಕದ್ದಮೆಗಳ ಅಧಿಕಾರವನ್ನು ಬ್ರಿಟಿಷ್ ಸರ್ಕಾರ ಮಹಾರಾಜರಿಗೆ ಬಿಟ್ಟುಕೊಡದೆ ತನ್ನಲ್ಲೇ ಉಳಿಸಿಕೊಂಡಿತ್ತು. ಆ ದೊರೆಯ ತೋಟದಲ್ಲಿ ಗುಂಡಿ ತೆಗೆಯುತ್ತಿದ್ದ ಬೆಳ್ತಂಗಡಿಯ ಆಳು ಮದರಾಸು ಪ್ರಾಂತ್ಯದಲ್ಲಿ ಹುಟ್ಟಿದವನಾದ್ದರಿಂದ ಅವನೂ ಜನ್ಮತಃ ಬ್ರಿಟಿಷ್ ಪ್ರಜೆ. ಕಾಗದದ ಮೇಲೆ ದೊರೆಗೂ ಆಳಿಗೂ ಒಬ್ಬನೇ ರಾಜ, ಒಂದೇ ಪ್ರಜಾತನ. ವ್ಯವಹಾರದಲ್ಲಿ ಒಬ್ಬನಿಗೆ ವಿಶೇಷ ನ್ಯಾಯಾಲಯ, ಇನ್ನೊಬ್ಬನಿಗೆ 13ನೆಯ ಕಾಯ್ದೆ. ಪ್ರಜಾತನವು ಒಂದು, ಹಕ್ಕು ಇನ್ನೊಂದು ಎಂಬ ಈ ಅಂತರವೇ ಮುಂದಿನ ಎಲ್ಲ ವಿವಾದಗಳ ಬೇರು.

ಸಾಮ್ರಾಜ್ಯದ ಆಟದ ಅಂಗಳವೂ ಇದೇ ಅಂತರವನ್ನು ಪ್ರತಿಬಿಂಬಿಸಿತು. ಕಾಠೇವಾಡದ ರಣಜಿತ್‌ಸಿಂಹಜಿ 1896ರಲ್ಲಿ ಇಂಗ್ಲೆಂಡ್ ಪರ ಆಸ್ಟ್ರೇಲಿಯದ ವಿರುದ್ಧ ಆಡಬೇಕಾದಾಗ, ಲಾರ್ಡ್ಸ್ ಮೈದಾನದ ಟೆಸ್ಟ್‌ಗೆ ಅವರನ್ನು ಆರಿಸಲಿಲ್ಲ. ಆಗ ಆಯಾ ಮೈದಾನದ ಆಡಳಿತವೇ ತಂಡವನ್ನು ಆರಿಸುವ ಪದ್ಧತಿಯಿದ್ದುದರಿಂದ ಮ್ಯಾಂಚೆಸ್ಟರ್‌ನವರು ಅವರನ್ನು ಕರೆದರು, ಅವರು 62 ಮತ್ತು ಔಟಾಗದೆ 154 ರನ್ ಗಳಿಸಿದರು. ಪಟೌಡಿಯ ನವಾಬ ಇಫ್ತಿಕಾರ್ ಅಲಿ ಖಾನ್ 1930ರ ದಶಕದಲ್ಲಿ ಇಂಗ್ಲೆಂಡ್ ಪರ ಆಡಿ, 1946ರಲ್ಲಿ ಭಾರತ ತಂಡದ ನಾಯಕರಾಗಿ ಇಂಗ್ಲೆಂಡಿಗೆ ಹೋದರು. ಕಲ್ಕತ್ತೆಯಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್ 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗೆದ್ದ ಎರಡು ಬೆಳ್ಳಿ ಪದಕಗಳನ್ನು ಒಲಿಂಪಿಕ್ ಸಮಿತಿ ಭಾರತದ ಲೆಕ್ಕಕ್ಕೆ ಬರೆದಿದ್ದರೆ, ಅವು ಬ್ರಿಟನ್ನಿಗೆ ಸೇರಿದವೆಂದು ವಾದಿಸುವ ಕ್ರೀಡಾ ಚರಿತ್ರಕಾರರೂ ಇದ್ದಾರೆ.

ದಕ್ಷಿಣ ಭಾರತದ ತೋಟಗಳಿಗೆ ಹೆಚ್ಚು ಹತ್ತಿರದ ನಿದರ್ಶನ ಕಾಲಿನ್ ಕೌಡ್ರಿಯವರದು. 1932ರ ಡಿಸೆಂಬರ್‌ನಲ್ಲಿ ಊಟಿ ಸೀಮೆಯ ಚಹಾ ತೋಟಗಾರನ ಮಗನಾಗಿ ಹುಟ್ಟಿದ ಅವರಿಗೆ, ಇಂಗ್ಲೆಂಡಿನ ಪ್ರಸಿದ್ಧ ಕ್ರಿಕೆಟ್ ಸಂಸ್ಥೆಯಾದ ಮೇರಿಲೆಬೋನ್ ಕ್ರಿಕೆಟ್ ಕ್ಲಬ್ಬಿನ ಮೊದಲಕ್ಷರಗಳಾದ ಎಂ.ಸಿ.ಸಿ. ಬರುವಂತೆ ತಂದೆ ಮೈಕೆಲ್ ಕಾಲಿನ್ ಕೌಡ್ರಿ ಎಂದು ಹೆಸರಿಟ್ಟರು. ನೀಲಗಿರಿಯ ಮಡಿಲಲ್ಲಿ ಹುಟ್ಟಿದ ಆ ಮಗು ಮುಂದೆ ಇಂಗ್ಲೆಂಡಿನ ನಾಯಕರಾಗಿ, ನೂರು ಟೆಸ್ಟ್ ಆಡಿದ ಜಗತ್ತಿನ ಮೊದಲ ಆಟಗಾರರಾದರು. ಅವರು ಇಂಗ್ಲಿಷರೇ ಎಂದು ಯಾರೂ ಕೇಳಲಿಲ್ಲ. ಹುಟ್ಟಿದ ನೆಲಕ್ಕಿಂತ ವಂಶವೇ ಅಲ್ಲಿ ನಿರ್ಣಾಯಕವಾಯಿತು. ಕಾಫಿ ಮಲೆಯ ಯುರೋಪಿಯನ್ ಕುಟುಂಬಗಳಿಗೂ ಇದೇ ಅನ್ವಯಿಸಿತು: ಮಕ್ಕಳು ಇಲ್ಲಿ ಹುಟ್ಟಿದರೂ ಶಾಲೆಗೆ ಇಂಗ್ಲೆಂಡಿಗೆ ಹೋದರು, ಮನೆಯೆಂದರೆ ಅವರಿಗೆ ಅದೇ ಆಗಿತ್ತು. ಚಿಕ್ಕಮಗಳೂರಿನ ಕಡೂರು ಕ್ಲಬ್ಬಿನಂತಹ ತೋಟಗಾರರ ಸಂಘಗಳು ಟೆನಿಸ್, ಬಿಲಿಯರ್ಡ್ಸ್ ಮತ್ತು ಶಿಕಾರಿಯ ಸುತ್ತ ಕಟ್ಟಿಕೊಂಡ ಬದುಕು, ಸಮುದ್ರದಾಚೆಯ ನಾಡಿನವರೆಂಬ ಭಾವವನ್ನು ಕಾಪಾಡಿಕೊಳ್ಳುವ ಸಾಧನವೂ ಆಗಿತ್ತು. ಸ್ವಾತಂತ್ರ್ಯಾನಂತರ ಬಹುಪಾಲು ದೊರೆಗಳು ತೋಟ ಮಾರಿ ಹೊರಟರು; ಅವರಲ್ಲೊಬ್ಬರು 1911ರ ಸುಮಾರಿಗೆ ಆಯ್ದು ಬೆಳೆಸಿದ ಕೆಂಟ್ಸ್ ಎಂಬ ಕಾಫಿ ತಳಿ ಮಾತ್ರ ಇಲ್ಲಿ ಬೇರುಬಿಟ್ಟಿತು.

ಉಳಿದವರು ಆಳುಗಳು. ಕಾಲಕ್ರಮದಲ್ಲಿ ಅನೇಕ ಕುಟುಂಬಗಳು ಮಳೆಗಾಲಕ್ಕೆ ಊರಿಗೆ ಹೋಗುವುದನ್ನು ಬಿಟ್ಟು, ಒಂದಕ್ಕೊಂದು ಅಂಟಿಕೊಂಡ ಸಣ್ಣ ಕೋಣೆಗಳ ಸಾಲುಮನೆಗಳಲ್ಲಿ, ತೋಟದ ಭಾಷೆಯಲ್ಲಿ ಹೇಳುವುದಾದರೆ ಲೈನುಗಳಲ್ಲಿ, ನೆಲೆನಿಂತವು. ಅವರೊಂದಿಗೆ ಪಂಜುರ್ಲಿ, ಗುಳಿಗ ಮೊದಲಾದ ದೈವಗಳೂ ಘಟ್ಟ ಹತ್ತಿ ತೋಟದಂಚಿನ ಕಟ್ಟೆಗಳಲ್ಲಿ ನೆಲೆಗೊಂಡವು. ತಮಿಳರ ಮಾರಿಯಮ್ಮನ ಗುಡಿಗಳು ಎದ್ದವು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಲ್ಲಿ ಕೆಲವರು ರೈಟರುಗಳಾಗಿ, ಕೆಲವರು ಬೆಳೆಗಾರರಾಗಿ ನೆಲೆಸಿದರು, 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. 1951ರ ತೋಟ ಕಾರ್ಮಿಕರ ಕಾಯ್ದೆಯು ಮನೆ, ಆಸ್ಪತ್ರೆ, ಶಿಶುವಿಹಾರಗಳನ್ನು ಮಾಲೀಕರ ಹೊಣೆಯಾಗಿಸಿದ್ದಲ್ಲದೆ, ಕಾರ್ಮಿಕರಿಗೂ ಅವರ ಮಕ್ಕಳಿಗೂ ಆಟ ಮತ್ತು ಮನರಂಜನೆಯ ಸೌಕರ್ಯ ಕಲ್ಪಿಸುವ ನಿಯಮಗಳಿಗೂ ಅವಕಾಶ ಕೊಟ್ಟಿತು. ಕ್ಲಬ್ಬಿನ ಅಂಗಳದಲ್ಲಿ ಚೆಂಡು ಹೆಕ್ಕಿ ಕೊಡುವುದಕ್ಕಷ್ಟೇ ಪ್ರವೇಶವಿದ್ದವರ ಮಕ್ಕಳಿಗೆ ಆಡುವ ಹಕ್ಕೂ ಇದೆಯೆಂದು ಶಾಸನ ಒಪ್ಪಿಕೊಂಡದ್ದು ಸಣ್ಣ ಬದಲಾವಣೆಯಲ್ಲ. ಆದರೆ ಆ ಕಾಯ್ದೆ ನಿರ್ದಿಷ್ಟ ವಿಸ್ತೀರ್ಣ ಮತ್ತು ಆಳುಸಂಖ್ಯೆಯಿದ್ದ ತೋಟಗಳಿಗೆ ಮಾತ್ರ ಅನ್ವಯಿಸಿದ್ದರಿಂದ, ಬಹುಸಂಖ್ಯೆಯ ಸಣ್ಣ ಹಿಡುವಳಿಗಳ ಕಾರ್ಮಿಕರು ಅದರ ಹೊರಗುಳಿದರು. ಲೈನಿನ ಮನೆಯೂ ಕೆಲಸದೊಂದಿಗೆ ಬಂದದ್ದು, ಕೆಲಸದೊಂದಿಗೇ ಹೋಗುವಂತಹದು. ಮೂರು ತಲೆಮಾರು ಬಾಳಿದ ಕುಟುಂಬಕ್ಕೂ ವಿಳಾಸವೆಂದರೆ ಮಾಲೀಕನ ತೋಟದ ಹೆಸರೇ ಆಗಿತ್ತು.

ಹೀಗೆ ತೋಟದ ವಿಳಾಸದಲ್ಲಿ ಬಾಳಿದವರಿಗೆ ದೇಶವೇ ಇಲ್ಲದಂತಾಗಬಹುದೆಂಬುದನ್ನು ನೆರೆಯ ಸಿಂಹಳ, ಅಂದರೆ ಇಂದಿನ ಶ್ರೀಲಂಕಾ, ತೋರಿಸಿತು. ಕಾಫಿಯ ಎಲೆ ತುಕ್ಕು ರೋಗ 1869ರಲ್ಲಿ ಕಾಣಿಸಿಕೊಂಡು ಅಲ್ಲಿನ ತೋಟಗಳು ಕಾಫಿಯಿಂದ ಚಹಾಕ್ಕೆ ತಿರುಗಿದಾಗ, ದಕ್ಷಿಣ ಭಾರತದಿಂದ ಹೋದ ತಮಿಳು ಕಾರ್ಮಿಕರು ಅಲ್ಲೇ ನೆಲೆಸಿದ್ದರು. ಆ ದೇಶ ಸ್ವತಂತ್ರವಾದ ವರ್ಷವೇ, ಅಂದರೆ 1948ರಲ್ಲಿ, ಜಾರಿಗೆ ಬಂದ ಪೌರತ್ವ ಕಾಯ್ದೆ ಅವರಲ್ಲಿ ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. 1964ರ ಅಕ್ಟೋಬರ್‌ನ ಶಾಸ್ತ್ರಿ-ಸಿರಿಮಾವೊ ಒಪ್ಪಂದವು 5,25,000 ಜನರನ್ನು ಭಾರತಕ್ಕೂ 3,00,000 ಜನರನ್ನು ಸಿಂಹಳಕ್ಕೂ ಹಂಚಿತು. ಉಳಿದ ಒಂದೂವರೆ ಲಕ್ಷ ಜನರ ಪಾಲುಪಟ್ಟಿ 1974ರಲ್ಲಿ ಆಯಿತು. ಅಲ್ಲಿನ ಬೆಟ್ಟಸೀಮೆಯ ತೋಟಕ್ಕೆ 1920ರಲ್ಲಿ ದುಡಿಯಲು ಹೋದ ತಮಿಳನೊಬ್ಬನ ಮೊಮ್ಮಗ ಮುತ್ತಯ್ಯ ಮುರಳೀಧರನ್. ಅಜ್ಜ ಭಾರತಕ್ಕೆ ಮರಳಿದರೂ ತಂದೆ ಕ್ಯಾಂಡಿಯಲ್ಲಿ ಉಳಿದರು; ಮಗ 133 ಟೆಸ್ಟ್‌ಗಳಲ್ಲಿ 800 ವಿಕೆಟ್ ಪಡೆದು ಶ್ರೀಲಂಕಾದ ಹೆಮ್ಮೆಯಾದರು. ಅವರು ವಿಶ್ವಕಪ್ ಗೆದ್ದ 1996ರಲ್ಲಿಯೂ ಅದೇ ಮೂಲದ ಅನೇಕ ತೋಟದ ಕಾರ್ಮಿಕರು ಪೌರತ್ವವಿಲ್ಲದೆ ಇದ್ದರು. ಅವರ ಸಮಸ್ಯೆಗೆ ಶಾಸನದ ಪರಿಹಾರ ದೊರೆತದ್ದು 2003ರಲ್ಲಿ.

ಒಪ್ಪಂದದಂತೆ ಮರಳಿದವರಲ್ಲಿ ಕರ್ನಾಟಕಕ್ಕೆ ಬಂದವರಿಗೆ ಸುಳ್ಯ ಮತ್ತು ಪುತ್ತೂರು ಸೀಮೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. ಅವರು ಭಾರತದ ಪ್ರಜೆಗಳಾದರು, ಆದರೆ ಜಾತಿ ಪ್ರಮಾಣಪತ್ರದ ತೊಡಕು ಅವರನ್ನು ದೀರ್ಘಕಾಲ ಕಾಡಿತು. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯವಾರು ಆಗಿದ್ದು, ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದವನು ಹೊಸ ರಾಜ್ಯದಲ್ಲಿ ಆ ಸೌಲಭ್ಯ ಕೇಳಲಾರನೆಂಬ ನಿಲುವನ್ನು ಸುಪ್ರೀಂ ಕೋರ್ಟ್ 1990ರಲ್ಲಿ ಎತ್ತಿಹಿಡಿದಿದೆ. ಆದ್ದರಿಂದ ಗಡಿ ದಾಟಿ ಬಂದ ದಲಿತ ಕಾರ್ಮಿಕನ ಅಸ್ಪೃಶ್ಯತೆ ಅವನ ಜೊತೆಗೇ ಬಂದರೂ, ಅದಕ್ಕೆ ಪ್ರತಿಯಾಗಿ ಸಂವಿಧಾನ ಕೊಟ್ಟ ರಕ್ಷಣೆ ಗಡಿಯಾಚೆಯೇ ಉಳಿಯುತ್ತದೆ. ಮಲೆನಾಡಿನ ಲೈನುಗಳಲ್ಲಿರುವ ತಮಿಳು ಮೂಲದ ಕುಟುಂಬಗಳಿಗೂ ಇದು ಶಾಲೆಯ ಶುಲ್ಕದಲ್ಲಿ, ವಿದ್ಯಾರ್ಥಿವೇತನದಲ್ಲಿ, ನಿವೇಶನದ ಅರ್ಜಿಯಲ್ಲಿ ಎದುರಾಗುವ ಕಷ್ಟ.

ಆಟದ ಮೂಲಕವೇ ಮನ್ನಣೆ ನೀಡಲು ಹೊರಟ ಪ್ರಯೋಗವೊಂದು ಕರ್ನಾಟಕದಲ್ಲಿ ನಡೆದಿದೆ. ಪೋರ್ಚುಗೀಸರ ಗುಲಾಮರ ವ್ಯಾಪಾರದ ಕಾಲದಲ್ಲಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ನೆಲೆಸಿದ ಆಫ್ರಿಕ ಮೂಲದ ಸಿದ್ದಿಗಳ ಮಕ್ಕಳನ್ನು, ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ, ಮಾರ್ಗರೆಟ್ ಆಳ್ವ ಅವರು ಕ್ರೀಡಾ ಖಾತೆಯ ಹೊಣೆ ಹೊತ್ತಿದ್ದಾಗ, ವಿಶೇಷ ಯೋಜನೆಯಡಿ ಆರಿಸಿ ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು, ಕೆಲವರಿಗೆ ಅದರಿಂದ ನೌಕರಿ ಸಿಕ್ಕಿತು. 1993ರಲ್ಲಿ ಯೋಜನೆ ನಿಂತಿತು, ತರಬೇತಿಯಲ್ಲಿದ್ದ ಮಕ್ಕಳು ಊರಿಗೆ ಮರಳಿದರು. ಆಫ್ರಿಕದ ರಕ್ತವಿದ್ದರೆ ಓಡಬಲ್ಲರು ಎಂಬ ನಂಬಿಕೆಯ ಮೇಲೆ ನಿಂತಿದ್ದ ಆ ಯೋಜನೆ, ಶತಮಾನಗಳಿಂದ ಕನ್ನಡ ಮತ್ತು ಕೊಂಕಣಿ ಮಾತನಾಡುತ್ತ ಬಾಳಿದವರನ್ನು ಮೊದಲು ಪರದೇಶದ ಮೈಕಟ್ಟಿನವರೆಂದು ಗುರುತಿಸಿ, ಆ ಮೈಕಟ್ಟಿನ ಕಾರಣಕ್ಕಾಗಿಯೇ ಭಾರತದ ಅಂಗಿ ತೊಡಿಸಲು ಯತ್ನಿಸಿತು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ದೊರೆತ, ಧಾರವಾಡ ಮತ್ತು ಬೆಳಗಾವಿಯವರಿಗೆ 2020ರಲ್ಲಿ ವಿಸ್ತರಿಸಿದ ಪರಿಶಿಷ್ಟ ಪಂಗಡದ ಸ್ಥಾನವು ಪದಕಗಳಿಗಿಂತ ಹೆಚ್ಚು ಬಾಳಿಕೆಯ ಮನ್ನಣೆ. ಅದು ಗೆದ್ದವರಿಗೂ ಓಡದವರಿಗೂ ಸಮನಾಗಿ ಸಲ್ಲುತ್ತದೆ.

ಬ್ರಿಟನ್ನಿನ ಅನುಭವವೂ ಇದನ್ನೇ ಸಮರ್ಥಿಸುತ್ತದೆ. 1948ರ ಕಾಯ್ದೆಯಲ್ಲಿ ವಸಾಹತುಗಳ ಜನರನ್ನೂ ತನ್ನ ಪ್ರಜೆಗಳೆಂದು ಒಪ್ಪಿದ ಆ ದೇಶ, 1962, 1968 ಮತ್ತು 1971ರ ಕಾಯ್ದೆಗಳಿಂದ ಅವರ ಪ್ರವೇಶವನ್ನು ಹಂತಹಂತವಾಗಿ ಬಿಗಿಗೊಳಿಸಿ, ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಅಲ್ಲಿ ಹುಟ್ಟಿದವರಿಗೆ ಬಾಗಿಲು ತೆರೆದಿಟ್ಟಿತು. 1983ರಿಂದ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದೂ ನಿಂತಿತು. ನಾರ್ಮನ್ ಟೆಬ್ಬಿಟ್ ಎಂಬ ರಾಜಕಾರಣಿ 1990ರಲ್ಲಿ, ವಲಸೆ ಬಂದವರು ಕ್ರಿಕೆಟ್ ಪಂದ್ಯದಲ್ಲಿ ಯಾವ ತಂಡವನ್ನು ಹುರಿದುಂಬಿಸುತ್ತಾರೆಂಬುದರಿಂದ ಅವರ ನಿಷ್ಠೆಯನ್ನು ಅಳೆಯಬೇಕೆಂದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಮೊ ಫರಾ, ತಾನು ಬಾಲ್ಯದಲ್ಲಿ ಬೇರೊಬ್ಬನ ಹೆಸರಿನಲ್ಲಿ ಅಕ್ರಮವಾಗಿ ಸಾಗಿಸಲ್ಪಟ್ಟು ಬಂದವನೆಂದು 2022ರಲ್ಲಿ ಬಹಿರಂಗಪಡಿಸಿದಾಗ, ಅವರ ಪೌರತ್ವಕ್ಕೆ ಧಕ್ಕೆಯಿಲ್ಲವೆಂದು ಸರ್ಕಾರ ತಿಳಿಸಿತು. ಅದಕ್ಕೆ ನಾಲ್ಕು ವರ್ಷ ಮೊದಲು, ಕೆರಿಬಿಯನ್ ದ್ವೀಪಗಳಿಂದ ದಶಕಗಳ ಹಿಂದೆ ಕಾನೂನುಬದ್ಧವಾಗಿಯೇ ಬಂದು ಆಸ್ಪತ್ರೆ, ರೈಲು, ಬಸ್ಸುಗಳಲ್ಲಿ ದುಡಿದ ಹಿರಿಯರು, ಹಳೆಯ ಕಾಗದಪತ್ರ ಒದಗಿಸಲಾಗದೆ ಕೆಲಸ, ಚಿಕಿತ್ಸೆ, ಕೆಲವರು ದೇಶವನ್ನೇ ಕಳೆದುಕೊಂಡ ಸಂಗತಿ ಹೊರಬಿದ್ದಿತ್ತು. ಪದಕವಿದ್ದವನಿಗೆ ಕಾಗದದ ದೋಷ ಮಾಫಿಯಾಯಿತು. ದುಡಿಮೆಯಷ್ಟೇ ಇದ್ದವರಿಗೆ ಕಾಗದದ ಕೊರತೆಯೇ ಶಿಕ್ಷೆಯಾಯಿತು.

ಕಳಸ ಸೀಮೆ ಇತ್ತೀಚಿನ ಚರಿತ್ರೆಯಲ್ಲಿ ಇನ್ನೊಂದು ವಲಸೆಯನ್ನು ಕಂಡಿದೆ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಅದಿರು ಕಂಪನಿ ದೇಶದ ನಾನಾ ಕಡೆಯ ಕಾರ್ಮಿಕರನ್ನೂ ಎಂಜಿನಿಯರುಗಳನ್ನೂ ಕರೆತಂದು ಬೆಟ್ಟಗಳ ನಡುವೆ ಒಂದು ಪಟ್ಟಣ ಕಟ್ಟಿತು. ಪಶ್ಚಿಮ ಘಟ್ಟದ ಉಳಿವಿಗಾಗಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಾಗ, ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಕುಟುಂಬಗಳೂ ಮನೆ ತೆರವು ಮಾಡಿ ಹೊರಟವು. ಇಂದು ಹಣ್ಣು ಕೊಯ್ಲಿನ ಕಾಲದಲ್ಲಿ ಈ ಮಲೆಗಳಿಗೆ ಬರುವವರಲ್ಲಿ ಉತ್ತರ ಕರ್ನಾಟಕದವರ ಜೊತೆಗೆ ಅಸ್ಸಾಂ ಮೊದಲಾದ ದೂರದ ರಾಜ್ಯಗಳವರೂ ಇದ್ದಾರೆ. ಬಂಗಾಳಿ ಮಾತನಾಡುವ ಮುಸ್ಲಿಂ ಕಾರ್ಮಿಕನ ಮೇಲೆ ಪರದೇಶದವನೆಂಬ ಗುಮಾನಿ ಬೀಳುವುದೂ, ಅವನ ಗುರುತಿನ ಚೀಟಿಯನ್ನು ಮತ್ತೆ ಮತ್ತೆ ತಪಾಸಣೆ ಮಾಡುವುದೂ ನಡೆಯುತ್ತಿದೆ. ದೇಶದ ಗಡಿ ಕಾಯುವುದು ಸರ್ಕಾರದ ಕರ್ತವ್ಯ. ಆದರೆ ಭಾಷೆಯನ್ನೋ ಮುಖಚಹರೆಯನ್ನೋ ನೋಡಿ ಪೌರತ್ವವನ್ನು ಊಹಿಸುವುದು, ಒಂದು ಕಾಲದಲ್ಲಿ ತುಳು ಮಾತನಾಡುವವನನ್ನು ಪರಸ್ಥಳದವನೆಂದು ಎಣಿಸಿದ ತಪ್ಪನ್ನೇ ಮುಂದುವರಿಸಿದಂತೆ.

ಭಾರತದ ಸಂವಿಧಾನದ 5ನೆಯ ವಿಧಿ ಈ ವಿಷಯದಲ್ಲಿ ಉದಾರವಾದ ಮಾದರಿಯೊಂದನ್ನು ಹಾಕಿಕೊಟ್ಟಿದೆ. 1950ರ ಜನವರಿ 26ರಂದು ಭಾರತದಲ್ಲಿ ಕಾಯಂ ನೆಲೆಯಿದ್ದವನು, ಇಲ್ಲಿ ಹುಟ್ಟಿದ್ದರೆ, ಅಥವಾ ತಂದೆ ತಾಯಿಯರಲ್ಲೊಬ್ಬರು ಇಲ್ಲಿ ಹುಟ್ಟಿದ್ದರೆ, ಅಥವಾ ಅದಕ್ಕೆ ಹಿಂದಿನ ಐದು ವರ್ಷ ಇಲ್ಲಿ ವಾಸವಾಗಿದ್ದರೆ, ಅವನು ಭಾರತದ ಪೌರನೆಂದು ಅದು ಸಾರಿತು. ಜಾತಿ, ಧರ್ಮ, ಭಾಷೆಗಳ ಪ್ರಸ್ತಾಪ ಅಲ್ಲಿಲ್ಲ. ನೆಲೆ ಮತ್ತು ಬಾಳುವೆಯನ್ನು ಮುಖ್ಯವಾಗಿ ಪರಿಗಣಿಸಿದ ಆ ತತ್ತ್ವದ ಫಲವಾಗಿಯೇ, ಸ್ಕಾಟ್‌ಲೆಂಡ್ ಮೂಲದ ಆಂಗ್ಲೋ ಇಂಡಿಯನ್ ಕುಟುಂಬದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೋಜರ್ ಬಿನ್ನಿ 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ಭಾರತದ ಗೆಲುವಿಗೆ ಕಾರಣರಾದಾಗ, ಅವರು ಭಾರತೀಯರೇ ಎಂಬ ಪ್ರಶ್ನೆ ಏಳಲಿಲ್ಲ. ಅದೇ ತತ್ತ್ವ ಕಾಫಿ ಮಲೆಯ ಲೈನಿಗೂ ಪೂರ್ತಿಯಾಗಿ ಇಳಿಯಬೇಕಾಗಿದೆ.

ಎರಡು ಶತಮಾನಗಳ ಈ ಚರಿತ್ರೆಯಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ಹುಟ್ಟೊಂದೇ ಮಲೆಕುಡಿಯರನ್ನು ಕಾಪಾಡಲಿಲ್ಲ. ಕಾಗದದ ಮೇಲಿನ ಪ್ರಜಾತನ ತುಳು ಆಳನ್ನು 13ನೆಯ ಕಾಯ್ದೆಯಿಂದ ತಪ್ಪಿಸಲಿಲ್ಲ. ಪದಕವು ಗೆದ್ದ ಒಬ್ಬರನ್ನು ಎತ್ತಿ ಹಿಡಿದು, ಅವರಂತೆಯೇ ಬಂದ ಸಾವಿರಾರು ಜನರನ್ನು ಇದ್ದಲ್ಲೇ ಬಿಟ್ಟಿತು. ಒಂದು ನಾಡಿನಲ್ಲಿ ಬಾಳಿ, ಅದಕ್ಕಾಗಿ ದುಡಿದು, ಮಕ್ಕಳನ್ನು ಅಲ್ಲಿ ಬೆಳೆಸಿದವರು ಆ ನಾಡಿನವರು. ಅದನ್ನು ದಾಖಲಿಸಿ ರಕ್ಷಿಸುವ ಹೊಣೆ ಪ್ರಭುತ್ವದ್ದು. ಲೈನಿನ ಕುಟುಂಬಗಳಿಗೆ ಸ್ವಂತ ನಿವೇಶನ, ಕಾಡಿನ ಕುಟುಂಬಗಳಿಗೆ ಹಕ್ಕುಪತ್ರ, ವಲಸೆ ಬಂದವರ ಮಕ್ಕಳಿಗೆ ಶಾಲೆ ಮತ್ತು ಆಟದ ಬಯಲು ಕೊಡುವ ಕೆಲಸವನ್ನು ಮೂಡಿಗೆರೆ, ಕಳಸದ ಗ್ರಾಮ ಪಂಚಾಯಿತಿಗಳೂ ಬೆಳೆಗಾರರ ಸಂಘಗಳೂ ಸರ್ಕಾರವೂ ಇನ್ನು ಮುಂದೂಡಬಾರದು.